ಒಂದರ ಹಂಗು ಇನ್ನೊಂದಕ್ಕಿಲ್ಲದ ಎರಡು ಡಿಸ್ಕುಗಳು

ಕೊಪ್ಪಳದಲ್ಲಿರುವ ನನ್ನ ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರನ್ನು ಜೋಡಿಸಿದ್ದು 2017ರಲ್ಲಿ. ಏಳನೆಯ ಪೀಳಿಗೆಯ ಇಂಟೆಲ್ ಕೋರ್ ಐ3 ಪ್ರೊಸೆಸರ್, 8 ಜಿ.ಬಿ. ರ್‍ಯಾಮ್, 1 ಟಿ.ಬಿ. ಹಾರ್ಡ್ ಡಿಸ್ಕ್, ಅದರಲ್ಲಿ ವಿಂಡೋಸ್ 10. ಲಗ್ನಪತ್ರಿಕೆಗಳು, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳ ಬಿಲ್ ಪುಸ್ತಕಗಳು, ಜನವರಿಯಲ್ಲಿ ಗವಿಮಠದ ಜಾತ್ರೆ ಬಂದಾಗ ಭಕ್ತರು ಹಂಚುವ ಕರಪತ್ರಗಳು, ಹೀಗೆ ಎಂಟು ವರ್ಷಗಳ ದುಡಿಮೆಯೆಲ್ಲ ಆ ಒಂದೇ ಡಿಸ್ಕಿನಲ್ಲಿತ್ತು. ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ಕೊನೆಗೊಳ್ಳುತ್ತವೆ ಎಂಬ ಸೂಚನೆ ಪರದೆಯ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳತೊಡಗಿದಾಗ, ವಿಂಡೋಸ್ 11 ಹಾಕಲು ಬರುತ್ತದೆಯೇ ಎಂದು ಮೊದಲು ಪರೀಕ್ಷಿಸಿದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನವುಗಳಿಗಷ್ಟೇ ಅದರ ಅಧಿಕೃತ ಬೆಂಬಲ. ನನ್ನದು ಒಂದೇ ಮೆಟ್ಟಿಲು ಕೆಳಗೆ ಉಳಿದಿತ್ತು. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಹೆಸರು ನೋಂದಾಯಿಸುವ ದಾರಿ ಇತ್ತಾದರೂ ಅದರಿಂದ ಗಡುವು ಮುಂದಕ್ಕೆ ಹೋಗುತ್ತಿತ್ತೇ ಹೊರತು ತೊಂದರೆ ಬಗೆಹರಿಯುತ್ತಿರಲಿಲ್ಲ.

ವಿಂಡೋಸನ್ನು ಪೂರ್ತಿ ಬಿಟ್ಟುಬಿಡುವುದೂ ನನ್ನಿಂದ ಆಗುವ ಮಾತಾಗಿರಲಿಲ್ಲ. ನನ್ನ ಹಳೆಯ ಪುಟಗಳೆಲ್ಲ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 7.0ರಲ್ಲಿವೆ. ಅದು 2001ರಲ್ಲಿ ಬಂದ, ಆ ತಂತ್ರಾಂಶದ ಕಡೆಯ ಆವೃತ್ತಿ. ಕನ್ನಡ ಮುದ್ರಣದ ಅಂಗಡಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರೊಳಗಿನ ಕನ್ನಡವು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿದ್ದು, ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಾಗದ ಗೀಟುಗಳೂ ಚಿಹ್ನೆಗಳೂ ಕಾಣುತ್ತವೆ. ಒಂದು ಗಿರಣಿಯವರು ಬಂದು ಹೋದ ವರ್ಷದ ಬಿಲ್ ಪುಸ್ತಕವನ್ನೇ ನಂಬರ್ ಬದಲಿಸಿ ಕೊಡಿ ಎಂದರೆ ಹತ್ತು ನಿಮಿಷದಲ್ಲಿ ತೆಗೆದುಕೊಡಬೇಕಾಗುತ್ತದೆ. ಆದ್ದರಿಂದ ಹಳೆಯ ಕೆಲಸಕ್ಕೆ ಇಂಟರ್ನೆಟ್ ಇಲ್ಲದ ವಿಂಡೋಸ್, ವಾಟ್ಸ್‌ಆಪ್‌ನಲ್ಲಿ ಬರುವ ಮ್ಯಾಟರ್, ಇಮೇಲ್, ಗಿರಾಕಿಗಳ ಪೆನ್ ಡ್ರೈವ್ ಮತ್ತು ಎಲ್ಲ ಕಂಪ್ಯೂಟರುಗಳಲ್ಲೂ ಓದಬಹುದಾದ ಯೂನಿಕೋಡ್ ಬರವಣಿಗೆಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಎಂದು ಕೆಲಸವನ್ನು ಎರಡಾಗಿ ಹಂಚಿಕೊಂಡೆ.

ಒಂದೇ ಡಿಸ್ಕನ್ನು ಭಾಗ ಮಾಡಿ ಎರಡನ್ನೂ ಅದರಲ್ಲೇ ಇಡಬಹುದಿತ್ತು, ಹಲವರು ಹಾಗೆಯೇ ಮಾಡುತ್ತಾರೆ. ಆದರೆ ಡಿಸ್ಕಿನ ಆರೋಗ್ಯವನ್ನು ತೋರಿಸುವ ತಂತ್ರಾಂಶದಲ್ಲಿ ನೋಡಿದಾಗ ನನ್ನ ಹಳೆಯ ಡಿಸ್ಕಿನ ಕೆಲವು ಸೆಕ್ಟರುಗಳು ಕೆಟ್ಟು, ಅವುಗಳ ಬದಲಿಗೆ ಮೀಸಲು ಸೆಕ್ಟರುಗಳು ಬಳಕೆಯಾಗಿದ್ದುದು ಕಂಡಿತು. ಅದು ಇಂದೇ ನಿಲ್ಲುತ್ತದೆ ಎಂದಲ್ಲ. ಆದರೆ ಎಂಟು ವರ್ಷ ತಿರುಗಿದ ತಟ್ಟೆಯ ಮೇಲೆ ಹೊಸ ಮನೆ ಕಟ್ಟಲು ಮನಸ್ಸು ಒಪ್ಪಲಿಲ್ಲ. 500 ಜಿ.ಬಿ.ಯ, 2.5 ಇಂಚಿನ ಸಾಟಾ ಎಸ್.ಎಸ್.ಡಿ. (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳಿಂದಾದ ಡಿಸ್ಕ್) ಒಂದನ್ನು, ಅದಕ್ಕೆ ಬೇಕಾದ ಕೇಬಲ್ಲನ್ನು, 3.5 ಇಂಚಿನ ಜಾಗದಲ್ಲಿ ಕೂರಿಸಲು ಒಂದು ತಗಡಿನ ಚೌಕಟ್ಟನ್ನು ಕೊಂಡುತಂದೆ.

ಕೈ ಹಾಕುವ ಮೊದಲು ಒಂದು ಭಾನುವಾರವನ್ನು ನಕಲು ಮಾಡುವುದಕ್ಕೇ ಕೊಟ್ಟೆ. ಪೇಜ್‌ಮೇಕರ್ ಕಡತಗಳು, ಫಾಂಟುಗಳು, ಗಿರಾಕಿಗಳ ಫೋಟೋಗಳು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಮನೆಗೆ ಒಯ್ದು ಇಟ್ಟೆ. ವಿಂಡೋಸಿನ ಸಿಸ್ಟಂ ಮಾಹಿತಿಯಲ್ಲಿ ಬಯೋಸ್ ಮೋಡ್ ಎಂಬ ಸಾಲಿನ ಮುಂದೆ ಯು.ಇ.ಎಫ್.ಐ. ಎಂದು ಇರುವುದನ್ನು ನೋಡಿಕೊಂಡೆ. ಈ ಒಂದು ಸಾಲು ಮುಂದಿನ ಎಲ್ಲವನ್ನೂ ನಿರ್ಧರಿಸುವುದರಿಂದ ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು.

ನಾನು ಈ ಕಸುಬಿಗೆ ಬಂದ ಕಾಲದ ಕಂಪ್ಯೂಟರುಗಳಲ್ಲಿ ಡಿಸ್ಕುಗಳನ್ನು ಜೋಡಿಸುವ ಅಗಲವಾದ ಐ.ಡಿ.ಇ. ಕೇಬಲ್ ಪಟ್ಟಿಗಳಿದ್ದವು, ಎರಡು ಡಿಸ್ಕು ಹಾಕಬೇಕೆಂದರೆ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಜಂಪರ್ ಚುಚ್ಚಿ ಗೊತ್ತುಮಾಡಬೇಕಿತ್ತು. ಆಗ ಬೂಟ್ ಆಗುವ, ಅಂದರೆ ಚಾಲೂ ಮಾಡಿದಾಗ ಯಂತ್ರ ಏಳುವ, ಕ್ರಮವೂ ಸರಳವಾಗಿತ್ತು. ಡಿಸ್ಕಿನ ಮೊತ್ತಮೊದಲ 512 ಬೈಟುಗಳಲ್ಲಿ 446 ಬೈಟು ಬೂಟ್ ಕೋಡಿಗೆ, 64 ಬೈಟು ನಾಲ್ಕು ವಿಭಾಗಗಳ ವಿವರಕ್ಕೆ, ಕಡೆಯ 2 ಬೈಟು ಗುರುತಿಗೆ. ಮದರ್‌ಬೋರ್ಡಿನಲ್ಲೇ ಇರುವ ಬಯೋಸ್ ಎಂಬ ತಂತ್ರಾಂಶ ಮೊದಲ ಡಿಸ್ಕಿನ ಆ ಭಾಗವನ್ನು ಓದಿ ಅದಕ್ಕೆ ಅಧಿಕಾರ ಒಪ್ಪಿಸುತ್ತಿತ್ತು. ಬಯೋಸಿನ ಜಾಗಕ್ಕೆ ಯು.ಇ.ಎಫ್.ಐ. ಎಂಬ ಹೊಸ ಪದ್ಧತಿ ಬಂದ ಮೇಲೆ ಡಿಸ್ಕಿನಲ್ಲಿ ಫ್ಯಾಟ್32 ಮಾದರಿಯ ಒಂದು ಸಣ್ಣ ಇ.ಎಫ್.ಐ. ವಿಭಾಗ ಇರುತ್ತದೆ, ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುವ ಬೂಟ್ ಲೋಡರುಗಳು ಸಾಮಾನ್ಯ ಕಡತಗಳಂತೆ ಅದರೊಳಗೆ ಕುಳಿತಿರುತ್ತವೆ, ಯಾವ ಡಿಸ್ಕಿನ ಯಾವ ಕಡತವನ್ನು ಮೊದಲು ಓಡಿಸಬೇಕು ಎಂಬ ಪಟ್ಟಿ ಮದರ್‌ಬೋರ್ಡಿನ ಸ್ವಂತ ನೆನಪಿನಲ್ಲಿರುತ್ತದೆ. ಡಿಸ್ಕಿನಲ್ಲಿ ಒಂದು ಭಾಗ, ಬೋರ್ಡಿನಲ್ಲಿ ಒಂದು ಭಾಗ ಎಂದು ಮಾಹಿತಿ ಎರಡು ಕಡೆ ಹಂಚಿಹೋಗಿರುವುದೇ ನನ್ನ ಮೊದಲ ಪ್ರಯತ್ನ ಕೆಡಲು ಕಾರಣವಾಯಿತು.

ಸೆಪ್ಟೆಂಬರಿನ ಒಂದು ರಾತ್ರಿ ಅಂಗಡಿಯ ಷಟರ್ ಎಳೆದು ಕೆಲಸಕ್ಕೆ ಕುಳಿತೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಇಳಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ಒಳಗೆ ಕೈ ಇಟ್ಟೆ. ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್.ಎಂ.ಪಿ.ಎಸ್.ನಿಂದ ಬರುವ 15 ಪಿನ್ನುಗಳ ಪವರ್ ತಂತಿ ಒಂದು, ಮದರ್‌ಬೋರ್ಡಿನಿಂದ ಬರುವ 7 ಪಿನ್ನುಗಳ ಡೇಟಾ ಕೇಬಲ್ ಒಂದು; ಎರಡರ ಬಾಯಿಯೂ ಬಾಗಿದ ಆಕಾರದಲ್ಲಿರುವುದರಿಂದ ತಿರುವುಮುರುವಾಗಿ ಕೂರಲು ಸಾಧ್ಯವಿಲ್ಲ, ಬಲವನ್ನೂ ಹಾಕಬೇಕಿಲ್ಲ. ಹಳೆಯ ಡಿಸ್ಕ್ ಬೋರ್ಡಿನ ಮೊದಲ ಸಾಟಾ ಕಿಂಡಿಯಲ್ಲಿತ್ತು, ಹೊಸದನ್ನು ಎರಡನೆಯದಕ್ಕೆ ಹಾಕಿದೆ. ಬೋರ್ಡಿನ ಸೆಟಪ್ ಪರದೆಯಲ್ಲಿ ಎರಡರ ಹೆಸರೂ ಬಂದವು. ಬೋರ್ಡು ಡಿಸ್ಕುಗಳೊಡನೆ ವ್ಯವಹರಿಸುವ ಬಗೆಯಾದ ಸಾಟಾ ಮೋಡ್ ಎ.ಎಚ್.ಸಿ.ಐ. ಎಂದೇ ಇತ್ತು, ಅದನ್ನು ಮುಟ್ಟಲಿಲ್ಲ. ವಿಂಡೋಸ್ ಹಾಕಿದ ಮೇಲೆ ಆ ಮೋಡನ್ನು ಬದಲಿಸಿದರೆ ಬೂಟ್ ಆಗುವಾಗಲೇ ನೀಲಿ ಪರದೆ ಬಂದು ನಿಲ್ಲುವ ಸಂಭವವಿದೆ.

ಹಾಕಲು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್ 22. ಅದು ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸಿನ 24.04 ಆವೃತ್ತಿಯ ಮೇಲೆ ನಿಂತಿದೆ, 2029ರವರೆಗೆ ಅದಕ್ಕೆ ಅಪ್‌ಡೇಟುಗಳಿವೆ. ಸುಮಾರು 3 ಜಿ.ಬಿ.ಯ ಕಡತವನ್ನು ಇಳಿಸಿಕೊಂಡು, ಅದು ಕೆಡದೆ ಇಳಿದಿದೆಯೇ ಎಂದು ತಿಳಿಸುವ ಪರಿಶೀಲನಾ ಮೊತ್ತವನ್ನು ಸರಿನೋಡಿ, ಪೆನ್ ಡ್ರೈವಿಗೆ ಬರೆದಿದ್ದೆ. ಬೂಟ್ ಮೆನುವಿನಲ್ಲಿ ಆ ಪೆನ್ ಡ್ರೈವಿನ ಹೆಸರು ಎರಡು ಸಲ ಕಾಣಿಸಿತು, ಒಂದರ ಮುಂದೆ ಯು.ಇ.ಎಫ್.ಐ. ಎಂಬ ಮಾತಿತ್ತು, ಇನ್ನೊಂದರ ಮುಂದೆ ಇರಲಿಲ್ಲ. ವಿಂಡೋಸ್ ಯಾವ ಬಗೆಯಲ್ಲಿದೆಯೋ ಲಿನಕ್ಸ್ ಕೂಡ ಅದೇ ಬಗೆಯಲ್ಲಿರಬೇಕೆಂದು ಮೊದಲಿನದನ್ನೇ ಒತ್ತಿದೆ. ಇಲ್ಲಿ ಎಡವಿದರೆ ಒಂದೇ ಯಂತ್ರದಲ್ಲಿ ಎರಡು ಕಾಲದ ಬೂಟ್ ಪದ್ಧತಿಗಳು ಸೇರಿಕೊಂಡು, ಒಂದರಿಂದ ಇನ್ನೊಂದಕ್ಕೆ ಹೋಗಲು ಪ್ರತಿ ಸಲವೂ ಸೆಟಪ್ ಬದಲಿಸುವ ಸ್ಥಿತಿ ಬರಬಹುದು.

ಇನ್‌ಸ್ಟಾಲರಿನಲ್ಲಿ ನಾನೇ ವಿಭಾಗಗಳನ್ನು ಮಾಡುವ ಆಯ್ಕೆಯನ್ನು ಹಿಡಿದೆ. ಅಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿರುತ್ತವೆ. ಅವು ಕಂಡುಬಂದ ಸರದಿಯಲ್ಲಿ ಕೊಟ್ಟ ಹೆಸರುಗಳು. ಇಂದು ಎಸ್‌ಡಿಎ ಆಗಿರುವುದು ನಾಳೆ ಎಸ್‌ಡಿಬಿ ಆಗಬಹುದು. ಹಾಗಾಗಿ ಹೆಸರನ್ನು ನೆಚ್ಚದೆ ಗಾತ್ರವನ್ನು ನೋಡಿದೆ. ಡಿಸ್ಕುಗಳನ್ನು ಪಟ್ಟಿಮಾಡುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಲ್ಲಿ 1 ಟಿ.ಬಿ.ಯ ಡಿಸ್ಕ್ 931.5 ಜಿ.ಬಿ., 500 ಜಿ.ಬಿ.ಯದು 465.8 ಜಿ.ಬಿ. ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ಲಿನಕ್ಸಿನ ಈ ಪಟ್ಟಿ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಈ ವ್ಯತ್ಯಾಸ. ಸಣ್ಣ ಡಿಸ್ಕಿನಲ್ಲಿ ಇ.ಎಫ್.ಐ. ವಿಭಾಗವನ್ನೂ ಉಳಿದ ಜಾಗದಲ್ಲಿ ಲಿನಕ್ಸ್ ಕೂರುವ ಮೂಲ ವಿಭಾಗವನ್ನೂ ಮಾಡಿ, ಬೂಟ್ ಲೋಡರನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಅದೇ ಹೊಸ ಡಿಸ್ಕನ್ನು ತೋರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿದು, ಮತ್ತೆ ಚಾಲೂ ಮಾಡಿದಾಗ ಗ್ರಬ್ ಎಂಬ ಲಿನಕ್ಸ್ ಬೂಟ್ ಲೋಡರಿನ ಪಟ್ಟಿಯಲ್ಲಿ ಮಿಂಟ್ ಮತ್ತು ವಿಂಡೋಸ್ ಎರಡೂ ಇದ್ದವು. ಎರಡನ್ನೂ ಒಂದೊಂದು ಸಲ ತೆರೆದು ನೋಡಿ, ತೃಪ್ತನಾಗಿ ಮನೆಗೆ ಹೋದೆ.

ಮರುದಿನ ನನ್ನ ಯಂತ್ರಗಳನ್ನು ಸರಿಮಾಡಿಕೊಡುವ ಭಾಗ್ಯನಗರದ ಹುಡುಗನಿಗೆ ಫೋನ್ ಮಾಡಿ ಕೆಲಸ ಆಯಿತೆಂದು ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಕಾಕಾ, ಹಳೇ ಡಿಸ್ಕ್ ಬಿಚ್ಚಿಟ್ಟು ನೋಡೀರೇನು? ಅದಿಲ್ಲದ ಹೊಸಾದು ಏಳತೈತೇನು?"

"ಅದನ್ನ ನೋಡಿಲ್ಲಪಾ" ಎಂದೆ.

"ಹಂಗಾರ ಕೆಲಸ ಇನ್ನೂ ಮುಗಿದಿಲ್ಲ ತಿಳೀರಿ" ಎಂದ.

ಸಂಜೆ ಯಂತ್ರವನ್ನು ಆರಿಸಿ ಹಳೆಯ ಡಿಸ್ಕಿನ ಡೇಟಾ ಕೇಬಲ್ ಕಿತ್ತು ಚಾಲೂ ಮಾಡಿದೆ. ಬೂಟ್ ಮಾಡಲು ಯಾವ ಸಾಧನವೂ ಸಿಗಲಿಲ್ಲ ಎಂಬ ಸಾಲು ಕಪ್ಪು ಪರದೆಯ ಮೇಲೆ ಬಂದು ನಿಂತಿತು. ಇನ್‌ಸ್ಟಾಲರು ನಾನು ಹೊಸ ಡಿಸ್ಕಿನಲ್ಲಿ ಮಾಡಿಟ್ಟ ಇ.ಎಫ್.ಐ. ವಿಭಾಗವನ್ನು ಖಾಲಿ ಬಿಟ್ಟು, ತನ್ನ ಬೂಟ್ ಲೋಡರನ್ನು ಹಳೆಯ ಡಿಸ್ಕಿನಲ್ಲಿದ್ದ, ವಿಂಡೋಸ್ ಮಾಡಿಕೊಂಡ 100 ಎಂ.ಬಿ.ಯ ವಿಭಾಗದಲ್ಲಿ ಇಟ್ಟಿತ್ತು. ಕೇಬಲ್ಲನ್ನು ಮತ್ತೆ ಹಾಕಿ, ಮಿಂಟ್ ತೆರೆದು, ಬೂಟ್ ವಿಭಾಗ ಯಾವ ಡಿಸ್ಕಿನದೆಂದು ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಲ್ಲಿ ನೋಡಿದಾಗ ಅದು ಖಚಿತವಾಯಿತು. ಉಬುಂಟು ಬಳಗದ ಈ ಹಳೆಯ ಇನ್‌ಸ್ಟಾಲರಿಗೆ, ನಾವು ಬೇರೆ ಡಿಸ್ಕನ್ನು ತೋರಿಸಿದರೂ ಮೊದಲು ಕಂಡ ಇ.ಎಫ್.ಐ. ವಿಭಾಗವನ್ನೇ ಹಿಡಿಯುವ ದೋಷ ಇರುವುದು ಬಹಳ ಜನರಿಗೆ ಗೊತ್ತಿರುವ ಸಂಗತಿ. ನನಗೆ ಗೊತ್ತಾದದ್ದು ಆ ಸಂಜೆ.

ಇನ್ನೊಂದು ಕಡೆಯಿಂದಲೂ ನೋಡಬೇಕೆನ್ನಿಸಿ ಹೊಸ ಡಿಸ್ಕನ್ನು ಬಿಚ್ಚಿ ಹಳೆಯದನ್ನು ಮಾತ್ರ ಉಳಿಸಿದೆ. ಆಗ ಗ್ರಬ್ ಎಂಬ ಹೆಸರಿನ ಮುಂದೆ ಮಿನುಗುವ ಒಂದು ಗೆರೆಯಷ್ಟೇ ಬಂದಿತು. ಹಳೆಯ ಡಿಸ್ಕಿನಲ್ಲಿ ಕುಳಿತ ಲೋಡರು ತನ್ನ ಪಟ್ಟಿಗಾಗಿ ಹೊಸ ಡಿಸ್ಕನ್ನು ಹುಡುಕುತ್ತಿತ್ತು, ಅದು ಅಲ್ಲಿರಲಿಲ್ಲ. ಬೂಟ್ ಮೆನುವಿಗೆ ಹೋಗಿ ವಿಂಡೋಸಿನ ಹೆಸರನ್ನೇ ಒತ್ತಿದರೆ ವಿಂಡೋಸ್ ತೆರೆಯಿತು ನಿಜ. ಆದರೆ ನಾನಿಲ್ಲದ ಹೊತ್ತಿನಲ್ಲಿ ಅಂಗಡಿ ತೆರೆಯುವ, ಟೈಪ್ ಮಾಡುವ ಹುಡುಗಿಗೆ ಆ ಕಪ್ಪು ಪರದೆ ಎದುರಾದರೆ ಅವಳು ಏನು ಮಾಡಬೇಕು? ಎರಡು ಡಿಸ್ಕು ಹಾಕಿದ್ದರಿಂದ ನನ್ನ ಅಂಗಡಿಗೆ ಎರಡು ಕಾಲು ಬಂದವೆಂದು ನಾನು ತಿಳಿದಿದ್ದೆ. ನಿಜದಲ್ಲಿ ಎರಡರಲ್ಲಿ ಯಾವುದು ಕೆಟ್ಟರೂ ಬೆಳಿಗ್ಗೆ ಯಂತ್ರ ತಾನಾಗಿ ಏಳದಂಥ ಏರ್ಪಾಡನ್ನು ಮಾಡಿಟ್ಟಿದ್ದೆ. ಒಂದೇ ಡಿಸ್ಕ್ ಇದ್ದಾಗ ಕೆಡುವ ಸಂಭವ ಎಷ್ಟಿತ್ತೋ ಅದಕ್ಕಿಂತ ಈಗ ಹೆಚ್ಚಾಗಿತ್ತು.

ಹುಡುಗ ರಾತ್ರಿ ಅಂಗಡಿಗೇ ಬಂದ. ಅವನ ಸಲಹೆ ಸರಳವಾಗಿತ್ತು: "ಇನ್‌ಸ್ಟಾಲರ್ ಕಣ್ಣಿಗೆ ಹಳೇ ಡಿಸ್ಕ್ ಬೀಳಬಾರದು ಕಾಕಾ. ಕಂಡ್ರ ಅದರಾಗ ಕೈ ಹಾಕತೈತಿ." ಲೋಡರನ್ನು ಆಜ್ಞೆಗಳ ಮೂಲಕ ಹೊಸ ಡಿಸ್ಕಿಗೆ ಸ್ಥಳಾಂತರಿಸುವ ದಾರಿಯೂ ಇತ್ತು, ಆದರೆ ಇನ್ನೂ ಯಾವ ಕೆಲಸವನ್ನೂ ಅದರಲ್ಲಿ ಇಟ್ಟಿರಲಿಲ್ಲವಾದ್ದರಿಂದ ಮೊದಲಿನಿಂದ ಹಾಕುವುದೇ ಸ್ವಚ್ಛವಾದ ದಾರಿ ಎಂದು ಇಬ್ಬರಿಗೂ ಅನ್ನಿಸಿತು. ಹಳೆಯ ಡಿಸ್ಕಿನ ಡೇಟಾ ಕೇಬಲ್ಲನ್ನು ಬಿಚ್ಚಿದೆವು. ಯಂತ್ರದಲ್ಲಿ ಈಗ ಹೊಸದೊಂದೇ ಉಳಿಯಿತು. ಈ ಸಲ ವಿಭಾಗಗಳನ್ನು ನಾನೇ ಮಾಡುವ ತೊಡಕಿಗೆ ಹೋಗದೆ, ಡಿಸ್ಕನ್ನು ಪೂರ್ತಿ ಅಳಿಸಿ ಹಾಕು ಎಂಬ ಆಯ್ಕೆಯನ್ನೇ ಒತ್ತಿದೆ. ಸಾಮಾನ್ಯವಾಗಿ ಆ ಸಾಲನ್ನು ನೋಡಿದರೆ ಕೈ ಹಿಂದಕ್ಕೆ ಬರುತ್ತದೆ. ಅಳಿಯಬಾರದ್ದು ಯಾವುದೂ ಯಂತ್ರಕ್ಕೆ ತಗುಲಿಕೊಂಡಿಲ್ಲ ಎಂಬುದು ಕಣ್ಣೆದುರಿಗೇ ಇದ್ದುದರಿಂದ ಅಂದು ನನಗೆ ಭಯವಾಗಲಿಲ್ಲ. ಕೇಬಲ್ ಬಿಚ್ಚುವುದರ ದೊಡ್ಡ ಲಾಭ ಇದೇ ಎಂದು ನನ್ನ ಅಭಿಪ್ರಾಯ. ಪರದೆಯ ಮೇಲಿನ ಹೆಸರುಗಳಲ್ಲಿ ತಪ್ಪಾಗಬಹುದು, ಕೈಯಲ್ಲಿ ಹಿಡಿದ ಕೇಬಲ್ಲಿನಲ್ಲಿ ತಪ್ಪಾಗುವುದಿಲ್ಲ.

ಹೊಸ ಡಿಸ್ಕ್ ಒಂಟಿಯಾಗಿ ಎದ್ದು ನಿಂತದ್ದನ್ನು ನೋಡಿದ ಮೇಲೆ ಅದನ್ನು ಬಿಚ್ಚಿ, ಹಳೆಯದನ್ನು ಮಾತ್ರ ಜೋಡಿಸಿ ವಿಂಡೋಸ್ ತೆರೆದೆವು. ಮೊದಲ ಪ್ರಯತ್ನದ ಕುರುಹು ಅದರ ಇ.ಎಫ್.ಐ. ವಿಭಾಗದಲ್ಲಿ ಉಳಿದಿತ್ತು. ಆ ವಿಭಾಗ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಆಡಳಿತಗಾರನ ಅಧಿಕಾರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೌಂಟ್‌ವಾಲ್ ಆಜ್ಞೆಯಿಂದ ಅದಕ್ಕೊಂದು ಡ್ರೈವ್ ಅಕ್ಷರವನ್ನು ಕೊಟ್ಟರೆ ಒಳಗಿನ ಫೋಲ್ಡರುಗಳು ಕಾಣುತ್ತವೆ. ಮೈಕ್ರೋಸಾಫ್ಟ್, ಬೂಟ್, ಉಬುಂಟು ಎಂಬ ಮೂರು ಫೋಲ್ಡರುಗಳಿದ್ದವು. ನಾನು ಹಾಕಿದ್ದು ಮಿಂಟ್ ಆದರೂ ಅದು ಉಬುಂಟುವಿನ ಮೇಲೆ ನಿಂತಿರುವುದರಿಂದ ಅದರ ಲೋಡರಿನ ಫೋಲ್ಡರಿಗೂ, ಬೂಟ್ ಮೆನುವಿನ ಸಾಲಿಗೂ ಉಬುಂಟು ಎಂಬ ಹೆಸರೇ ಇರುತ್ತದೆ. ಇದು ಗೊತ್ತಿಲ್ಲದವರು ಬೇರೆ ಏನೋ ಬಂದು ಸೇರಿಕೊಂಡಿದೆ ಎಂದು ಗಾಬರಿಯಾಗಬಹುದು. ಆ ಒಂದನ್ನು ಮಾತ್ರ ಅಳಿಸಿ, ಉಳಿದೆರಡನ್ನು ಮುಟ್ಟದೆ, ಹೊರಬಂದೆವು. ವಿಂಡೋಸ್ ಮತ್ತೆ ಮೊದಲಿನಂತೆ ನೇರವಾಗಿ ಏಳತೊಡಗಿತು.

ಅದಾದ ಮೇಲೆಯೇ ಎರಡನ್ನೂ ಒಟ್ಟಿಗೆ ಜೋಡಿಸಿದ್ದು. ಡಿಸ್ಕುಗಳನ್ನು ಬಿಚ್ಚಿ ಹಾಕುವಾಗ ಬೋರ್ಡು ತನ್ನ ಪಟ್ಟಿಯ ಸರದಿಯನ್ನು ಬದಲಿಸಿಬಿಟ್ಟಿತ್ತು, ಸೆಟಪ್ಪಿಗೆ ಹೋಗಿ ಮತ್ತೆ ಹೊಂದಿಸಬೇಕಾಯಿತು. ಉಬುಂಟು ಎಂಬ ಸಾಲು ಮೊದಲು, ವಿಂಡೋಸ್ ಬೂಟ್ ಮ್ಯಾನೇಜರ್ ಎಂಬುದು ಎರಡನೆಯದು. ಏನನ್ನೂ ಒತ್ತದಿದ್ದರೆ ಮಿಂಟ್ ಬರುತ್ತದೆ. ವಿಂಡೋಸ್ ಬೇಕಾದಾಗ ಚಾಲೂ ಮಾಡಿದ ಕೂಡಲೇ ಎಫ್12 ಒತ್ತಿದರೆ ಡಿಸ್ಕುಗಳ ಪಟ್ಟಿ ಬರುತ್ತದೆ. ಈ ಕೀಲಿ ಎಲ್ಲ ಬೋರ್ಡುಗಳಲ್ಲಿ ಒಂದೇ ಅಲ್ಲ, ಕೆಲವದರಲ್ಲಿ ಎಫ್8, ಕೆಲವದರಲ್ಲಿ ಎಫ್11, ಇನ್ನು ಕೆಲವದರಲ್ಲಿ ಎಸ್ಕೇಪ್ ಇರುತ್ತದೆ. ಗ್ರಬ್ ಪಟ್ಟಿಯಲ್ಲೇ ವಿಂಡೋಸಿನ ಹೆಸರನ್ನು ಸೇರಿಸಿಕೊಳ್ಳಬಹುದಿತ್ತು, ಅದರಿಂದ ಕೆಡುಕೂ ಇರಲಿಲ್ಲ. ಆದರೂ ಒಂದು ಡಿಸ್ಕಿನ ಪಟ್ಟಿಯಲ್ಲಿ ಇನ್ನೊಂದರ ಹೆಸರೇ ಬೇಡವೆಂದು ನಾನು ಸೇರಿಸಲಿಲ್ಲ. ಯಾವ ಡಿಸ್ಕು ಎಂದು ಕೇಳುವ ಕೆಲಸ ಬೋರ್ಡಿನದು, ಅದು ಅಲ್ಲಿಯೇ ಇರಲಿ.

ಮೊದಲ ವಾರ ಕಾಡಿದ್ದು ಗಡಿಯಾರ. ಮಿಂಟಿನಲ್ಲಿ ಸಮಯ ಸರಿಯಾಗಿರುತ್ತಿತ್ತು, ಅಲ್ಲಿಂದ ವಿಂಡೋಸಿಗೆ ಹೋದರೆ ಐದೂವರೆ ಗಂಟೆ ಹಿಂದಕ್ಕೆ ಓಡುತ್ತಿತ್ತು. ಬೆಳಿಗ್ಗೆ 11ಕ್ಕೆ ಕಡತ ಉಳಿಸಿದರೆ ನಸುಕಿನ 5.30 ಎಂದು ಬೀಳುತ್ತಿತ್ತು. ಬೋರ್ಡಿನ ಮೇಲಿನ ನಾಣ್ಯದಂಥ ಸಿ.ಆರ್. 2032 ಬ್ಯಾಟರಿ ಸತ್ತಿರಬೇಕೆಂದು ಮೊದಲು ಅದನ್ನೇ ಬದಲಿಸಿದೆ, ಪ್ರಯೋಜನವಾಗಲಿಲ್ಲ. ವ್ಯತ್ಯಾಸ ಪ್ರತಿ ಸಲವೂ ಕೂದಲೆಳೆಯಷ್ಟೂ ಬದಲಾಗದೆ ಐದೂವರೆ ಗಂಟೆಯೇ ಆಗಿದ್ದದ್ದು ಆಮೇಲೆ ಹೊಳೆಯಿತು. ಅದು ಗ್ರೀನಿಚ್ಚಿಗೂ ನಮಗೂ ಇರುವ ಅಂತರ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ವಿಶ್ವಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅಲ್ಲಿರುವುದನ್ನು ಸ್ಥಳೀಯ ಸಮಯವೆಂದೇ ಓದುತ್ತದೆ. ವಿಂಡೋಸಿನ ರಿಜಿಸ್ಟ್ರಿಯನ್ನು ತಿದ್ದಿ ಅದನ್ನು ದಾರಿಗೆ ತರಬಹುದು, ಇಲ್ಲವೇ ಮಿಂಟಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂಬ ಒಂದೇ ಆಜ್ಞೆಯಿಂದ ಸ್ಥಳೀಯ ಸಮಯವನ್ನೇ ಬರೆಯುವಂತೆ ಹೇಳಬಹುದು. ನಾನು ಎರಡನೆಯದನ್ನು ಮಾಡಿದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದೇಶಗಳಲ್ಲಿ ಈ ದಾರಿ ಗೊಂದಲ ತರುತ್ತದೆಯಂತೆ. ನಮ್ಮಲ್ಲಿ ಅಂಥ ಪದ್ಧತಿ ಇಲ್ಲವಾದ್ದರಿಂದ ತೊಂದರೆಯಾಗಿಲ್ಲ.

ಹಳೆಯ ಡಿಸ್ಕಿನ ಡಿ ಡ್ರೈವನ್ನು ಎರಡೂ ಕಡೆಯಿಂದ ಬಳಸುವುದು ನನಗೆ ಅಗತ್ಯವಾಗಿತ್ತು. ವಾಟ್ಸ್‌ಆಪ್‌ನಲ್ಲಿ ಬಂದ ಮ್ಯಾಟರನ್ನು, ಗಿರಾಕಿಗಳ ಪೆನ್ ಡ್ರೈವಿನಲ್ಲಿರುವ ಫೋಟೋಗಳನ್ನು ಮಿಂಟಿನಲ್ಲಿ ತೆರೆದು ನೋಡಿ, ಬೇಕಾದಷ್ಟನ್ನೇ ಡಿ ಡ್ರೈವಿಗೆ ಹಾಕಿದರೆ, ಆಮೇಲೆ ವಿಂಡೋಸಿನಲ್ಲಿ ಪುಟ ಕಟ್ಟಬಹುದು. ಪೆನ್ ಡ್ರೈವಿನ ಜೊತೆ ಬರುವ ಶಾರ್ಟ್‌ಕಟ್ ವೈರಸ್ಸುಗಳು ಪುಟಗಳಿರುವ ಕಡೆಗೆ ಬರುವುದು ಇದರಿಂದ ಬಹಳ ಕಡಿಮೆಯಾಗಿದೆ. ಆದರೆ ಮೊದಲ ದಿನ ಮಿಂಟಿನಿಂದ ಆ ಡ್ರೈವಿಗೆ ಒಂದು ಕಡತವನ್ನೂ ಬರೆಯಲಾಗಲಿಲ್ಲ, ಓದಲು ಮಾತ್ರ ಅವಕಾಶ ಎಂದಿತು. ವಿಂಡೋಸಿನ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯ ಇದಕ್ಕೆ ಕಾರಣ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ. ತನ್ನ ಒಳತಿರುಳನ್ನು ಡಿಸ್ಕಿಗೆ ಬರೆದು ಅರೆನಿದ್ದೆಗೆ ಹೋಗುತ್ತದೆ, ಡ್ರೈವುಗಳು ಇನ್ನೂ ತನ್ನ ಕೈಯಲ್ಲೇ ಇವೆ ಎಂದು ಗುರುತು ಹಾಕಿರುತ್ತದೆ. ಆ ಸ್ಥಿತಿಯಲ್ಲಿ ಬರೆದರೆ ಕಡತಗಳು ಕೆಡುವ ಸಂಭವವಿರುವುದರಿಂದ ಲಿನಕ್ಸ್ ಬರೆಯಲು ಒಪ್ಪದಿರುವುದು ನ್ಯಾಯವೇ. ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆದುಹಾಕಿದ ಮೇಲೆ ತೊಂದರೆ ಹೋಯಿತು.

ಡಿ ಡ್ರೈವ್ ಪ್ರತಿ ಸಲವೂ ತಾನೇ ತೆರೆದುಕೊಳ್ಳಲಿ ಎಂದು, ಬೂಟ್ ಆಗುವಾಗ ತೆರೆಯಬೇಕಾದ ವಿಭಾಗಗಳ ಪಟ್ಟಿಯಾದ ಮಿಂಟಿನ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಸೇರಿಸಿದೆ. ಎಸ್‌ಡಿಎ ಎಂಬ ಹೆಸರನ್ನು ಬಿಟ್ಟು, ವಿಭಾಗದ ಯು.ಯು.ಐ.ಡಿ. ಎಂಬ ಶಾಶ್ವತ ಗುರುತನ್ನೇ ಬರೆದಿದ್ದೆ. ಹಾಗೆ ಬರೆದೆನೆಂಬ ಸಮಾಧಾನವೂ ಇತ್ತು.

2025ರ ಅಕ್ಟೋಬರ್ 1ಕ್ಕೆ ಆಯುಧ ಪೂಜೆ. ಹಿಂದಿನ ದಿನ ಪ್ರತಿ ವರ್ಷದಂತೆ ಅಂಗಡಿಯ ಯಂತ್ರಗಳನ್ನೆಲ್ಲ ಬಿಚ್ಚಿ ಒರೆಸುವ ಕೆಲಸ. ನಮ್ಮ ಊರಿನ ಕಪ್ಪು ಧೂಳು ಪ್ರೊಸೆಸರಿನ ಫ್ಯಾನಿನ ರೆಕ್ಕೆಗಳಿಗೆ ಅಂಟಿಕೊಂಡು ಹತ್ತಿಯಂತೆ ದಪ್ಪವಾಗಿರುತ್ತದೆ. ಕುಂಚದಿಂದ ಬಿಡಿಸಿ ಬ್ಲೋವರ್ ಹಿಡಿದೆ. ಕ್ಯಾಬಿನೆಟ್ ಹೇಗೂ ತೆರೆದಿದೆಯೆಂದು ಇನ್ನೊಮ್ಮೆ ಪರೀಕ್ಷೆ ಮಾಡುವ ಮನಸ್ಸಾಯಿತು. ಹೊಸದನ್ನು ಬಿಚ್ಚಿದಾಗ ವಿಂಡೋಸ್ ಸುಸೂತ್ರವಾಗಿ ಎದ್ದಿತು. ಹಳೆಯದನ್ನು ಬಿಚ್ಚಿದಾಗ ಮಿಂಟ್ ಏಳಲಿಲ್ಲ. ಒಂದು ಡಿಸ್ಕಿಗಾಗಿ ಕಾಯುತ್ತಿರುವುದಾಗಿ ತೋರಿಸುತ್ತ ಒಂದೂವರೆ ನಿಮಿಷ ನಿಂತು, ಆಮೇಲೆ ತುರ್ತು ಸ್ಥಿತಿಯ ಕಪ್ಪು ಪರದೆಗೆ ಇಳಿಯಿತು.

ಬೂಟ್ ಲೋಡರಿನಲ್ಲಿ ಕಿತ್ತೊಗೆದ ಹಂಗನ್ನು ನಾನೇ ನನ್ನ ಕೈಯಾರೆ ಬೇರೆ ಬಾಗಿಲಿನಿಂದ ಒಳಗೆ ಕರೆತಂದಿದ್ದೆ. ಎಫ್‌ಎಸ್‌ಟ್ಯಾಬಿನಲ್ಲಿ ಬರೆದ ಪ್ರತಿ ವಿಭಾಗವೂ ಬೂಟ್ ಆಗಲು ಕಡ್ಡಾಯ ಎಂದೇ ಲಿನಕ್ಸ್ ತಿಳಿಯುತ್ತದೆ. ಅದು ಸಿಗದಿದ್ದರೆ 90 ಸೆಕೆಂಡು ಕಾದು ಮುಂದಕ್ಕೆ ಹೋಗಲು ನಿರಾಕರಿಸುತ್ತದೆ. ಆ ಸಾಲಿನ ಆಯ್ಕೆಗಳಲ್ಲಿ ನೋಫೇಲ್ ಎಂಬ ಒಂದು ಪದವನ್ನು ಸೇರಿಸಿದರೆ, ಇದ್ದರೆ ಸರಿ, ಇಲ್ಲದಿದ್ದರೆ ಬಿಟ್ಟು ಮುಂದೆ ನಡೆ ಎಂದು ಹೇಳಿದಂತೆ. ಅದನ್ನು ಸೇರಿಸಿ, ಹಳೆಯ ಡಿಸ್ಕ್ ಇಲ್ಲದೆಯೇ ಮತ್ತೆ ಚಾಲೂ ಮಾಡಿದೆ. ಮಿಂಟ್ ಎಂದಿನಂತೆ ಎದ್ದಿತು, ಡಿ ಡ್ರೈವ್ ಮಾತ್ರ ಕಾಣಲಿಲ್ಲ. ನನಗೆ ಬೇಕಾಗಿದ್ದುದು ಅದೇ. ಬೂಟ್ ಆಗುತ್ತದೆಯೇ ಎಂದು ಹಾಕಿದ ದಿನ ಒಮ್ಮೆ ಪರೀಕ್ಷಿಸಿದರೆ ಸಾಲದು, ಹಂಚಿಕೊಂಡ ಡ್ರೈವ್, ಪ್ರಿಂಟರ್, ಫಾಂಟುಗಳ ಫೋಲ್ಡರ್ ಎಂದು ಹೊಂದಿಕೆಗಳೆಲ್ಲ ಮುಗಿದ ಮೇಲೂ ಎರಡು ಸಲ ಕೇಬಲ್ ಬಿಚ್ಚಿ ನೋಡಲೇಬೇಕೆಂಬುದು ನನಗೆ ಆ ಮಧ್ಯಾಹ್ನ ಮನವರಿಕೆಯಾಯಿತು. ಇದಕ್ಕೆ ತಗಲುವುದು ಹತ್ತು ನಿಮಿಷ.

ಮಿಂಟಿನಲ್ಲಿ ಕನ್ನಡದ ಟೈಪಿಂಗ್ ಬಗ್ಗೆ ಹುಡುಗಿಗೆ ಆತಂಕವಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನುಡಿಯಲ್ಲಿ ಕಲಿತು ಅವಳ ಬೆರಳುಗಳು ಪಳಗಿವೆ. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಅದೇ ವಿನ್ಯಾಸ ಕೆ.ಜಿ.ಪಿ. ಎಂಬ ಹೆಸರಿನಲ್ಲಿ ಸಿಗುತ್ತದೆ. ಎರಡು ದಿನ ಅರ್ಕಾವತ್ತಿಗೆ ಕೀಲಿ ಹುಡುಕಿದಳು, ಮೂರನೆಯ ದಿನಕ್ಕೆ ಹೊಂದಿಕೊಂಡಳು. ವಿಂಡೋಸಿನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ನಿಷ್ಕ್ರಿಯಗೊಳಿಸಿದ್ದೇನೆ. ಅದು ಈಗ ಪೇಜ್‌ಮೇಕರ್ ಮತ್ತು ಹಳೆಯ ನುಡಿಗಷ್ಟೇ ಮೀಸಲು.

ಪೂಜೆಯ ದಿನ ಬೆಳಿಗ್ಗೆ ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಮುಚ್ಚುವ ಮುನ್ನ ಒಂದು ಹಾಳೆಯ ಮೇಲೆ ಬರೆದು ಅದರ ಒಳಮೈಗೆ ಅಂಟಿಸಿದೆ. ಒಂದನೆಯ ಕಿಂಡಿಯಲ್ಲಿ ದೊಡ್ಡ ಡಿಸ್ಕ್, 1 ಟಿ.ಬಿ., ವಿಂಡೋಸ್. ಎರಡನೆಯದರಲ್ಲಿ ಚಿಕ್ಕದು, 500 ಜಿ.ಬಿ., ಮಿಂಟ್, ಮೆನುವಿನಲ್ಲಿ ಉಬುಂಟು ಎಂದು ಕಾಣುತ್ತದೆ. ಬೂಟ್ ಮೆನುವಿಗೆ ಎಫ್12. ಹೊಸದಾಗಿ ಏನನ್ನು ಹಾಕುವುದಿದ್ದರೂ ಇನ್ನೊಂದರ ಕೇಬಲ್ ಬಿಚ್ಚಿಯೇ ಹಾಕತಕ್ಕದ್ದು. ಕೆಳಗೆ, ಎರಡನ್ನೂ ಒಂದೊಂದಾಗಿ ಬಿಚ್ಚಿ ನೋಡಿದ ತಾರೀಖು: 30-9-2025. ಆ ತಾರೀಖಿನ ಕೆಳಗೆ ಮುಂದಿನವುಗಳಿಗೆ ಜಾಗ ಬಿಟ್ಟು, ಸ್ಕ್ರೂ ಬಿಗಿದು, ಹುಡುಗಿ ತಂದಿಟ್ಟ ಚೆಂಡು ಹೂವನ್ನು ಮೇಲಿಟ್ಟು, ಯಂತ್ರವನ್ನು ಚಾಲೂ ಮಾಡಿದೆ.